ಕುಚ್ಚಲಕ್ಕಿ, ತೆಂಗಿನಕಾಯಿ, ಬಂಗುಡೆ ಮತ್ತು ನಮ್ಮ ಮನೆಯ ಡಿಶ್‌ವಾಷರ್

ನಮ್ಮ ಮನೆಗೆ ಬಂದವರು ಡಿಶ್‌ವಾಷರ್ ನೋಡಿ ಕೇಳುವುದು ಒಂದೇ ಪ್ರಶ್ನೆ: "ನಮ್ಮ ಅಡುಗೆಗೆ ಅದು ಆಗ್ತದಾ?" ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಎಲ್ಲರೂ ಎಣ್ಣೆ ಮತ್ತು ಮಸಾಲೆಗೆ ಹೆದರುತ್ತಾರೆ. ಬಿಸಿನೀರಿನ ಮುಂದೆ ಅವು ನಿಲ್ಲುವುದಿಲ್ಲ. ಮಂಗಳೂರಿನ ಅಡುಗೆಮನೆಯಲ್ಲಿ ಗಮನ ಕೊಡಬೇಕಾದದ್ದು ತೆಂಗಿನಕಾಯಿಗೆ.

ಅರೆದ ತೆಂಗಿನ ತರಿ ನೀರಲ್ಲಿ ಕರಗುವುದಿಲ್ಲ. ಕೋರಿ ಗಸಿಯ ಬೋಗುಣಿ, ಬಸಳೆ ಪದಾರ್ಥದ ಪಾತ್ರೆ, ಚಟ್ನಿಯ ಬಟ್ಟಲು, ಎಲ್ಲದರ ತಳದಲ್ಲೂ ಅದು ಇರುತ್ತದೆ. ಮೆಷಿನ್ ಒಳಗೆ ಹೋದರೆ ಫಿಲ್ಟರ್‌ನ ಬಲೆಯಲ್ಲಿ ಕೂರುತ್ತದೆ. ಫಿಲ್ಟರ್ ಕಟ್ಟಿದರೆ ಕೊಳೆ ನೀರೇ ಸುತ್ತಿ ಸುತ್ತಿ ಪಾತ್ರೆಗೆ ಬೀಳುತ್ತದೆ. ಹಾಗಾಗಿ ನಾನು ಸಿಲಿಕೋನ್ ಸೌಟಿನಿಂದ ತರಿಯನ್ನು ಬಳಿದು ತೆಗೆದೇ ಪಾತ್ರೆ ಒಳಗಿಡುವುದು. ತೆಂಗಿನಕಾಯಿ ಜಾಸ್ತಿ ಅರೆದ ದಿನ ಫಿಲ್ಟರನ್ನೂ ತಿರುಗಿಸಿ ಎತ್ತಿ, ನಲ್ಲಿಯ ಕೆಳಗೆ ಹಳೆಯ ಬ್ರಷ್‌ನಿಂದ ಉಜ್ಜುತ್ತೇನೆ. ನೀರು ಚಿಮ್ಮಿಸುವ ರೆಕ್ಕೆಗಳ ತೂತಿನಲ್ಲಿ ತರಿ ಸಿಕ್ಕಿದ್ದರೆ ಒಂದು ಕಡ್ಡಿ ಸಾಕು.

ಬಳಿದು ತೆಗೆಯಬೇಕು ಅಂದೆ, ತೊಳೆಯಬೇಕು ಅನ್ನಲಿಲ್ಲ. ನಮ್ಮ ಅತ್ತೆ ಮೊದಮೊದಲು ಎಲ್ಲವನ್ನೂ ಸಿಂಕಿನಲ್ಲಿ ತೊಳೆದೇ ಕೊಡುತ್ತಿದ್ದರು. "ಅತ್ತೆ, ನೀವು ಅಗುಳು ಮಾತ್ರ ತೆಗೆದು ಕೊಡಿ, ಉಳಿದದ್ದು ಅದು ನೋಡಿಕೊಳ್ತದೆ" ಅಂತ ಹೇಳಿ ಹೇಳಿ ಈಗ ಅಭ್ಯಾಸವಾಗಿದೆ. ಡಿಶ್‌ವಾಷರ್ ಪುಡಿಯಲ್ಲಿ ಎನ್‌ಜೈಮ್‌ಗಳಿರುತ್ತವೆ. ಒಂದು ಗಂಜಿಯ ಅಂಟನ್ನು ಒಡೆಯುತ್ತದೆ, ಇನ್ನೊಂದು ಮೀನು, ಮೊಟ್ಟೆ, ಬೇಳೆಯ ಅಂಟನ್ನು. ಆದರೆ ಅವಕ್ಕೆ ಸಮಯ ಬೇಕು. ಕುಚ್ಚಲಕ್ಕಿ ಗಂಜಿ ಒಣಗಿ ಹಿಡಿದ ತಟ್ಟೆಗೆ ಅರ್ಧ ಗಂಟೆಯ ಪ್ರೋಗ್ರಾಂ ಸಾಲುವುದಿಲ್ಲ. ನಾನು ರಾತ್ರಿ 50 ಡಿಗ್ರಿ ಆಸುಪಾಸಿನ ಇಕೋ ಎಂಬ ನಿಧಾನದ ಪ್ರೋಗ್ರಾಂ ಹಾಕಿ ಮಲಗುತ್ತೇನೆ. ಮೂರು ಗಂಟೆಯಾ ಅಂತ ಗಾಬರಿ ಬೇಡ. ಕರೆಂಟು ಹೆಚ್ಚು ಹೋಗುವುದು ನೀರು ಕಾಯಿಸುವುದಕ್ಕೆ, ಮೋಟಾರು ತಿರುಗುವುದಕ್ಕಲ್ಲ. ನೀರೂ ಸುಮಾರು 10 ಲೀಟರಿನಲ್ಲಿ ಮುಗಿಯುತ್ತದೆ. ತಳ ಹಿಡಿದ ಪಾತ್ರೆ ಇದ್ದರೆ ಮಾತ್ರ 70 ಡಿಗ್ರಿ.

ಬಂಗುಡೆ ಪುಳಿಮುಂಚಿ ಮಧ್ಯಾಹ್ನ ಮಾಡಿದರೆ ಆ ತಟ್ಟೆಗಳು ರಾತ್ರಿಯವರೆಗೆ ಒಳಗೆ ಕೂತು ವಾಸನೆ ಬರುತ್ತವೆ. ಅದಕ್ಕೆ ಪ್ರೀ-ರಿನ್ಸ್ ಇದೆ. ಪುಡಿ ಹಾಕದೆ ಸುಮ್ನೆ ಒಂದು ಸಲ ತಣ್ಣೀರು ಓಡಿಸಿದರೆ ಆಯಿತು.

ಇನ್ನು ನೀರು. ನಮ್ಮ ನಲ್ಲಿಗೆ ಬರುವುದು ತುಂಬೆಯಲ್ಲಿ ಕಟ್ಟಿದ ನೇತ್ರಾವತಿ ನೀರು. ಸೋಪು ಬೇಗ ನೊರೆ ಬರುವ ಮೆದು ನೀರು. ನೀರನ್ನು ಮೆದು ಮಾಡಲು ಮೆಷಿನ್‌ಗೆ ಹಾಕುವ ಉಪ್ಪು, ಅದರ ಸೆಟ್ಟಿಂಗು ಎಲ್ಲ ಗಡಸು ನೀರಿನ ಊರಿನವರು ಹೇಳಿದಷ್ಟೇ ಇಟ್ಟುಕೊಳ್ಳಬೇಕಾಗಿಲ್ಲ. ಗಡಸುತನ ತೋರಿಸುವ ಟೆಸ್ಟ್ ಪಟ್ಟಿಯನ್ನು ನೀರಲ್ಲಿ ಅದ್ದಿ ನೋಡಿ, ಬಂದ ಬಣ್ಣಕ್ಕೆ ತಕ್ಕಂತೆ ಇಡಿ. ಸಮುದ್ರದ ಹತ್ತಿರದ ಬೋರ್‌ವೆಲ್ ಆದರೆ ಲೆಕ್ಕವೇ ಬೇರೆ, ಅಲ್ಲಿ ಖಂಡಿತ ಪರೀಕ್ಷೆ ಮಾಡಿ. ಮೆದು ನೀರಿಗೆ ಪುಡಿ ಜಾಸ್ತಿ ಹಾಕಿದರೆ ಗಾಜಿನ ಲೋಟ ಮಸುಕಾಗುತ್ತದೆ. ವಿನೆಗರ್ ಹಚ್ಚಿದಾಗ ಮಸುಕು ಹೋದರೆ ಅದು ಸುಣ್ಣದ ಪದರ. ಹೋಗದಿದ್ದರೆ ಗಾಜೇ ಸವೆದಿದೆ, ಅದು ಮತ್ತೆ ಸರಿಯಾಗುವುದಿಲ್ಲ. ಈ ಕಾರಣಕ್ಕೇ ನನಗೆ ಟ್ಯಾಬ್ಲೆಟ್‌ಗಿಂತ ಪುಡಿ ಇಷ್ಟ. ಬೇಕಾದಷ್ಟೇ ಹಾಕಬಹುದು.

ಜೋಡಿಸುವುದರಲ್ಲಿ ನನ್ನ ನಿಯಮ ಸರಳ. ಕೊಳೆಯಾದ ಮುಖ ನೀರು ಬರುವ ಕಡೆಗೆ, ದೊಡ್ಡ ಬೋಗುಣಿ ಕೆಳಗೆ ಬೋರಲು, ಲೋಟ ಮೇಲಿನ ರ‍್ಯಾಕಿನಲ್ಲಿ ಸ್ವಲ್ಪ ಓರೆಯಾಗಿ. ಬಾಗಿಲು ಹಾಕುವ ಮೊದಲು ರೆಕ್ಕೆಯನ್ನು ಕೈಯಿಂದ ಒಂದು ಸುತ್ತು ತಿರುಗಿಸುತ್ತೇನೆ. ಸೌಟಿನ ಹಿಡಿ ತಾಗಿದರೆ ಅಲ್ಲೇ ಗೊತ್ತಾಗುತ್ತದೆ.

ನೀರುದೋಸೆಯ ಕಬ್ಬಿಣದ ಕಾವಲಿ, ಮೀನಿನ ಮಣ್ಣಿನ ಪಾತ್ರೆ, ಮರದ ಸೌಟು, ಹಿತ್ತಾಳೆ, ಇವನ್ನು ಒಳಗೆ ಹಾಕಲೇಬೇಡಿ. ಅಲ್ಯೂಮಿನಿಯಂ ಇಡ್ಲಿ ತಟ್ಟೆ ಮತ್ತು ಕುಕ್ಕರ್ ಕಪ್ಪಾಗುತ್ತವೆ, ಏಕೆಂದರೆ ಆ ಪುಡಿಯಲ್ಲಿ ಕ್ಷಾರ ಜಾಸ್ತಿ. ಸ್ಟೀಲು ಆರಾಮ. ಹಲಸಿನ ಕಾಲದಲ್ಲಿ ಮೇಣ ಹತ್ತಿದ ಚೂರಿಯನ್ನು ಮಾತ್ರ ತೆಂಗಿನೆಣ್ಣೆ ಹಚ್ಚಿ ಒರೆಸಿ ಬೇರೆಯೇ ತೊಳೆಯುತ್ತೇನೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನೊಂದು ಕೆಲಸ ಇದೆ. ಈ ಮಳೆಯ ತೇವದಲ್ಲಿ ಪಾತ್ರೆ ಒಣಗುವುದು ನಿಧಾನ. ಕೊನೆಯ ನೀರಿಗೆ ಸೇರುವ ದ್ರವ, ಅಂದರೆ ರಿನ್ಸ್ ಏಡ್, ಖಾಲಿಯಾಗದಂತೆ ನೋಡಿಕೊಳ್ಳಿ, ನೀರು ಹನಿಯಾಗಿ ನಿಲ್ಲದೆ ಜಾರುತ್ತದೆ. ಬೆಳಿಗ್ಗೆ ಬಾಗಿಲು ತೆರೆದು, ಕೆಳಗಿನ ರ‍್ಯಾಕ್ ಮೊದಲು ಖಾಲಿ ಮಾಡಿ. ಇಲ್ಲದಿದ್ದರೆ ಮೇಲಿನ ಲೋಟದ ತಳದ ನೀರು ಒಣಗಿದ ತಟ್ಟೆಗೆ ಬೀಳುತ್ತದೆ. ಬಾಗಿಲಿನ ರಬ್ಬರ್ ಪಟ್ಟಿಯನ್ನು ಒರೆಸಿ, ಬಾಗಿಲನ್ನು ಒಂದು ಬೆರಳಿನಷ್ಟು ತೆರೆದೇ ಬಿಡಿ, ಬೂಸ್ಟು ಬರುವುದಿಲ್ಲ. ಪುಡಿಯನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿಡಿ, ಮಳೆ ಜೋರಾಗಿರುವ ಆಟಿ ತಿಂಗಳಲ್ಲೂ ಗಟ್ಟಿಯಾಗುವುದಿಲ್ಲ.