ಮಳೆಗಾಲದಲ್ಲಿ ಮೂಕವಾದ ಲ್ಯಾಪ್‌ಟಾಪ್: ನನ್ನ ಅನುಭವ

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ಜುಲೈ ಎಂದರೆ ಕಪಾಟಿನ ಬಟ್ಟೆಗೂ ಬೂಷ್ಟು ಹಿಡಿಯುವ ಕಾಲ. 2012ರಲ್ಲಿ ಕೊಂಡಿದ್ದ ಲ್ಯಾಪ್‌ಟಾಪನ್ನು ಮಗಳ ಓದಿಗೆಂದು ಆ ಕಪಾಟಿನಿಂದ ಹೊರತೆಗೆದಾಗ ಅದು ಆನ್ ಆಗಲಿಲ್ಲ. ಹತ್ತಿರದ ರಿಪೇರಿ ಅಂಗಡಿಯಲ್ಲಿ ಮುಚ್ಚಳವನ್ನೂ ತೆರೆಯದೆ, ಎಲ್ಲ ಭಾಗಗಳೂ ಜೋಡಣೆಯಾಗುವ ಮುಖ್ಯ ಫಲಕವಾದ ಮದರ್‌ಬೋರ್ಡ್ ಹೋಗಿದೆ ಎಂದರು. "ಅಪ್ಪಾ, ಅಜ್ಜಿಯ ಫೋಟೋಗಳೆಲ್ಲ ಅದರಲ್ಲೇ ಇವೆಯಲ್ಲ" ಎಂದು ಮಗಳು ಕೇಳಿದಾಗ, ನಾನೇ ಬಿಚ್ಚಿ ನೋಡಲು ನಿರ್ಧರಿಸಿದೆ.

ಮೊದಲು ಹಾರ್ಡ್ ಡಿಸ್ಕನ್ನು ಹೊರತೆಗೆದು, ಯುಎಸ್‌ಬಿ ಕೇಬಲ್ ಮೂಲಕ ಬೇರೆ ಕಂಪ್ಯೂಟರಿಗೆ ಜೋಡಿಸಿ, ಫೋಟೋಗಳನ್ನು ನಕಲು ಮಾಡಿಕೊಂಡೆ. ಮದರ್‌ಬೋರ್ಡ್ ಕೆಟ್ಟರೂ ಡಿಸ್ಕ್ ಸಾಮಾನ್ಯವಾಗಿ ಉಳಿದಿರುತ್ತದೆ. ಅದನ್ನು ಮರಳಿ ಕೂರಿಸಿ ಬಟನ್ ಒತ್ತಿ ಕಿವಿಗೊಟ್ಟಾಗ, ದೀಪ ಬೆಳಗಿತು, ಫ್ಯಾನ್ ಮೂರು ಸೆಕೆಂಡು ತಿರುಗಿ ನಿಂತಿತು, ಮತ್ತೆ ತಿರುಗಿತು. ದೀಪವೂ ಬಾರದಿದ್ದರೆ ಅಡಾಪ್ಟರ್ ಅಥವಾ ಚಾರ್ಜಿಂಗ್ ಜ್ಯಾಕ್ ಮೇಲೆ ಮೊದಲ ಅನುಮಾನ ಬರಬೇಕು. ಇಲ್ಲಿ ಬೋರ್ಡಿಗೆ ವಿದ್ಯುತ್ ತಲುಪುತ್ತಿತ್ತು. ಆದರೂ ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೊಂಡ ಮಲ್ಟಿಮೀಟರಿನಿಂದ ಅಳೆದೆ: 19.5 ವೋಲ್ಟ್ ಎಂದು ಬರೆದಿದ್ದ ಅಡಾಪ್ಟರ್ 19.4 ತೋರಿಸಿತು, ಅಂದರೆ ಅದು ಸರಿಯಾಗಿತ್ತು. ಬ್ಯಾಟರಿ ಮತ್ತು ಅಡಾಪ್ಟರ್ ಎರಡನ್ನೂ ತೆಗೆದು, ಉಳಿದ ಚಾರ್ಜ್ ಇಳಿಯಲೆಂದು ಬಟನ್ನನ್ನು 30 ಸೆಕೆಂಡು ಒತ್ತಿ ಹಿಡಿದರೂ ಫಲ ಸಿಗಲಿಲ್ಲ. ಟಿವಿಗೆ ಜೋಡಿಸಿದಾಗಲೂ ಚಿತ್ರ ಬರಲಿಲ್ಲವಾದ್ದರಿಂದ ದೋಷ ಪರದೆಯದಲ್ಲವೆಂದು ಊಹಿಸಿದೆ.

ಫ್ಯಾನ್ ಹೀಗೆ ತಿರುಗಿ ನಿಲ್ಲುವುದು ರ‍್ಯಾಮ್ (ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿ) ಸರಿಯಾಗಿ ಸಂಪರ್ಕಗೊಳ್ಳದಾಗ ಕಾಣುವ ಲಕ್ಷಣಗಳಲ್ಲೊಂದು. ಬ್ಯಾಟರಿ ಮತ್ತೆ ತೆಗೆದು, ಲೋಹದ ನಲ್ಲಿಯನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನು ಕಳೆದುಕೊಂಡು, ತಳದ ಚಿಕ್ಕ ಮುಚ್ಚಳ ತೆರೆದೆ. ಎರಡು ರ‍್ಯಾಮ್ ಪಟ್ಟಿಗಳ ಅಂಚಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಹಳೆಯ ಹಿತ್ತಾಳೆ ಪಾತ್ರೆಯಂತೆ ಮಂಕಾದ ಕಂದು ಪೊರೆ ಕಟ್ಟಿತ್ತು. ಮಗಳ ಬಿಳಿ ರಬ್ಬರಿನಿಂದ ಹಲ್ಲುಗಳ ಉದ್ದಕ್ಕೆ ಮೆಲ್ಲಗೆ ಉಜ್ಜಿ, ಪುಡಿಯನ್ನು ಪಟ್ಟಿ ಕೂರುವ ಸ್ಲಾಟಿಗೆ ಬೀಳದಂತೆ ಮೃದು ಬ್ರಷ್ಷಿನಿಂದ ಝಾಡಿಸಿದೆ. ಸ್ಯಾಂಡ್ ಪೇಪರ್ ಮಾತ್ರ ಯಾರೂ ಬಳಸಬಾರದು, ಏಕೆಂದರೆ ಚಿನ್ನದ ಲೇಪ ಬಹಳ ತೆಳು. ಬಳಿಕ 4 ಜಿಬಿ ಪಟ್ಟಿಯೊಂದನ್ನೇ ಓರೆಯಾಗಿ ತಳ್ಳಿ, ಎರಡೂ ಬದಿಯ ಕೊಕ್ಕೆಗಳು ಟಕ್ ಎನ್ನುವವರೆಗೆ ಒತ್ತಿದೆ. ಬಟನ್ ಒತ್ತಿದಾಗ ಫ್ಯಾನ್ ನಿಲ್ಲದೆ ತಿರುಗಿ ಕಂಪನಿಯ ಲೋಗೋ ಮೂಡಿತು. 2 ಜಿಬಿ ಪಟ್ಟಿಯನ್ನು ಅದೇ ಸ್ಲಾಟಿನಲ್ಲಿ ಹಾಕಿದಾಗ ಹಳೆಯ ತೊಂದರೆ ಮರಳಿದ್ದರಿಂದ ಅದನ್ನು ಕೈಬಿಟ್ಟೆ.

ಗಡಿಯಾರ ಮಾತ್ರ 2012ರ ಜನವರಿ 1 ತೋರಿಸುತ್ತಿತ್ತು. ಬೋರ್ಡಿನ ಮೇಲಿನ ಗಡಿಯಾರವನ್ನು ನಡೆಸುವ 3 ವೋಲ್ಟಿನ ನಾಣ್ಯದಾಕಾರದ ಬ್ಯಾಟರಿ 1.8ಕ್ಕೆ ಇಳಿದಿತ್ತು. ಅದನ್ನೂ ಬದಲಿಸಿದೆ. ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಒಳಗೆ ತೇವ ನಿಲ್ಲದಿರಲೆಂದು, ಮಗಳು ಓದದ ದಿನವೂ ಅದನ್ನು ಅರ್ಧ ಗಂಟೆ ಚಾಲೂ ಇಡುತ್ತೇವೆ.