ಗೀಸರ್ ಕಾಯ್ತದೆ, ನಲ್ಲಿ ನೀರು ಮಾತ್ರ ಉಗುರುಬೆಚ್ಚಗೆ

ಎಲೆಕ್ಟ್ರಿಷಿಯನ್ ಬಂದವನೇ ‘ಕಾಯಿಲ್ ಹೋಗಿದೆ’ ಅಂದ. ಬೋರ್‌ವೆಲ್ ನೀರಿಗೆ ಕಾಯಿಲ್ ಮೇಲೆ ಸುಣ್ಣ ಕಟ್ಟೋದು ನಿಜವೇ. ಆದರೆ ನಮ್ಮ ಗೀಸರಿನಿಂದ ಇಳಿಯುವ ಪೈಪು ಮುಟ್ಟಿದರೆ ಕೈ ಸುಡುತ್ತಿತ್ತಲ್ಲ!

ಸ್ವಿಚ್ ಆರಿಸಿ, ಗೀಸರಿಗೆ ತಣ್ಣೀರು ಹೋಗುವ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ಬಿಟ್ಟೆ. ಸ್ವಲ್ಪ ಹೊತ್ತಿಗೆ ನಿಲ್ಲಬೇಕಿದ್ದ ನೀರು ಧಾರಾಳವಾಗಿ ಸುರಿಯುತ್ತಲೇ ಇತ್ತು, ಅದೂ ತಣ್ಣಗೆ. ಅಂದರೆ ತಣ್ಣೀರು ಬೇರೆಲ್ಲಿಂದಲೋ ಬಿಸಿನೀರಿನ ಲೈನಿಗೆ ನುಗ್ಗುತ್ತಿದೆ.

ಕಳ್ಳ ಸಿಕ್ಕಿದ್ದು ಶವರಿಗೆ ಬಿಸಿನೀರು, ತಣ್ಣೀರು ಬೆರೆಸಿಕೊಡುವ ಒಂದೇ ಹಿಡಿಯ ಮಿಕ್ಸರಿನಲ್ಲಿ. ಹಿಡಿಯ ಕೆಳಗೆ ಕೂತು ನೀರನ್ನು ಬಿಡುವ, ತಡೆಯುವ ಕಾರ್ಟ್ರಿಡ್ಜ್‌ನ ರಬ್ಬರ್ ಸೀಲ್ ಸವೆದು, ಹಿಡಿ ಮುಚ್ಚಿದ್ದರೂ ಎರಡೂ ನೀರು ಒಳಗೊಳಗೇ ಬೆರೆಯುತ್ತಿದ್ದವು. ಹೊಸ ಕಾರ್ಟ್ರಿಡ್ಜ್ ಹಾಕಿದ ಮೇಲೆ ನೀರು ಹೊಗೆಯಾಡುತ್ತಿದೆ. ಅಂಗಡಿಗೆ ಹಳೆಯದನ್ನೇ ಒಯ್ಯಿರಿ. 35, 40 ಮಿ.ಮೀ. ಹೀಗೆ ಬೇರೆ ಬೇರೆ ಅಳತೆ ಬರುತ್ತವೆ.