ಕಡಲತೀರ ಸ್ವಚ್ಛತೆಗೆ ಹೊರಡುವವರಿಗೆ ಒಂದೆರಡು ಮಾತು

ಉಬ್ಬರ ಇಳಿಯಲು ಶುರುವಾದ ಮೇಲೆ ಹೋಗಿ. ನೀರು ಹಿಂದೆ ಸರಿದಾಗ ಮರಳಿನ ಮೇಲೆ ಕಡಲಕಳೆಯ ಕಪ್ಪು ಗೆರೆಯೊಂದು ಉಳಿಯುತ್ತದೆ. ಕಸವೆಲ್ಲ ಸಿಕ್ಕಿಕೊಳ್ಳುವುದು ಅಲ್ಲಿಯೇ. ಆದರೆ ಕಡಲಕಳೆಯನ್ನು ಕಸವೆಂದು ಗೋರಿ ಚೀಲಕ್ಕೆ ತುಂಬಬೇಡಿ. ಅದನ್ನು ಮೆಲ್ಲಗೆ ಎತ್ತಿ ನೋಡಿ, ಅಡಿಯಲ್ಲಿ ಮರಳಲ್ಲಿ ಬದುಕುವ ಪುಟ್ಟ ಜೀವಿಗಳು ಪಟಪಟನೆ ಜಿಗಿಯುತ್ತವೆ. ತೀರದ ಹಕ್ಕಿಗಳಿಗೆ ಅದೇ ಊಟ. ನಾನೂ ಮೊದಲ ಸಲ ಚೀಲಗಟ್ಟಲೆ ಕಡಲಕಳೆ ಹೊತ್ತು ಬೀಗಿದವನೇ!

ದೊಡ್ಡ ಬಾಟಲಿಗಳನ್ನು ಯಾರಾದರೂ ಹೆಕ್ಕುತ್ತಾರೆ. ನೀವು ಗಾಳದ ದಾರ, ಹರಿದ ಬಲೆಯ ತುಂಡುಗಳತ್ತ ಕಣ್ಣಿಡಿ. ನೈಲಾನ್ ದಾರ ಕೊಳೆಯುವುದಿಲ್ಲ, ಹಕ್ಕಿಯ ಕಾಲಿಗೋ ಆಮೆಯ ಕುತ್ತಿಗೆಗೋ ಸುತ್ತಿಕೊಳ್ಳುತ್ತದೆ. ಜೊತೆಗೊಂದು ಕತ್ತರಿ, ದಪ್ಪ ಕೈಗವಸು ಇರಲಿ. ಮರಳಲ್ಲಿ ಆಳವಾಗಿ ಹೂತ ಬಲೆಯನ್ನು ಜಗ್ಗಬೇಡಿ, ಕಾಣುವಷ್ಟನ್ನು ಕತ್ತರಿಸಿ ತೆಗೆಯಿರಿ. ಕಾಳಿನಷ್ಟು ಸಣ್ಣ ಪ್ಲಾಸ್ಟಿಕ್ ಉಂಡೆಗಳನ್ನು ಹೆಕ್ಕಲು ಜರಡಿಯೇ ಬೇಕು.

ಜೀವಂತ ಆಮೆ ದಡದಲ್ಲಿ ಸಿಕ್ಕಿಕೊಂಡಿದ್ದರೆ ಕನಿಕರದಿಂದ ನೀರಿಗೆ ತಳ್ಳಲು ಹೋಗಬೇಡಿ. ಸುಸ್ತಾದ ಆಮೆ ಮುಳುಗಿ ಸಾಯಬಹುದು. ಅದು ಉಸಿರಾಡುವುದು ಶ್ವಾಸಕೋಶದಿಂದ. ನೆರಳು ಮಾಡಿ, ಜನರನ್ನೂ ನಾಯಿಗಳನ್ನೂ ದೂರವಿಟ್ಟು, ವನ್ಯಜೀವಿ ರಕ್ಷಣಾ ಸಿಬ್ಬಂದಿಗೆ ಕರೆ ಮಾಡಿ. ಆ ಸಂಖ್ಯೆ ಹೊರಡುವ ಮೊದಲೇ ಮೊಬೈಲಿನಲ್ಲಿರಲಿ. ಮೊಟ್ಟೆಯಿಡಲು ತೆವಳಿ ಬಂದ ಆಮೆಯಾದರೆ ಮಾತೇ ಬೇರೆ: ಟಾರ್ಚ್ ಆರಿಸಿ, ಹಿಂದೆ ಸರಿದು ಸುಮ್ಮನಿರಿ.

ಹೆಕ್ಕಿದ್ದನ್ನು ಬಗೆವಾರು ಎಣಿಸಿ ಬರೆದಿಡಿ. 1986ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಆರಂಭವಾದ ಕಡಲತೀರ ಸ್ವಚ್ಛತಾ ಅಭಿಯಾನ ಇಂದು ಜಗತ್ತಿನಾದ್ಯಂತ ಸೆಪ್ಟೆಂಬರ್ ತಿಂಗಳ ಮೂರನೇ ಶನಿವಾರ ನಡೆಯುತ್ತದೆ. ಅಲ್ಲಿಯೂ ಸ್ವಯಂಸೇವಕರು ಕಸವನ್ನು ಎಣಿಸಿಯೇ ಚೀಲ ಕಟ್ಟುತ್ತಾರೆ.